ಪುಟ್ಟತಾಯಮ್ಮನ ಇಷ್ಟಾನಿಷ್ಟ

ನಾನು ಇನ್ನೂರು ಪುಟದ ಒಂದು ನೋಟ್‌ಬುಕ್. ಮೈಸೂರಿನ ಮಂಡಿ ಮೊಹಲ್ಲಾದ ಬೈಂಡಿಂಗ್ ಅಂಗಡಿಯಲ್ಲಿ ದಾರದ ಹೊಲಿಗೆ, ಗೋಂದು, ನೀಲಿ ರಟ್ಟು ಸೇರಿ ನನ್ನ ಮೈಯಾಯಿತು. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಕೆಂಪರಾಜು ನನ್ನನ್ನು ಕೊಂಡರು. ಪದಬಂಧದ ಕಠಿಣ ಪದಗಳನ್ನು ಎರಡು ಪುಟ ಬರೆದು, ಬೇಸರವಾಗಿ, ಟಿವಿ ಮೇಲೆ ಎಸೆದರು. ಒಂದು ವರ್ಷ ಧೂಳು ಕುಡಿದೆ.

ಆಮೇಲೆ ಗೋಕುಲಂ ಬಡಾವಣೆಯ ಅವರ ಮನೆಯ ಮಹಡಿಗೆ ಮಾರಿಸೋಲ್ ಬಾಡಿಗೆಗೆ ಬಂದಳು. ಮೆಕ್ಸಿಕೋದ ಹುಡುಗಿ, ಯೋಗ ಕಲಿಯಲು ಬಂದವಳು. ಅವಳಿಗೆ ಕನ್ನಡ ಬೇಕಿತ್ತು. ಕೆಂಪರಾಜು ಅವರ ಹೆಂಡತಿ ಪುಟ್ಟತಾಯಮ್ಮನಿಗೆ ಅವಳ ಜೊತೆ ಹರಟುವ ಆಸೆ. ಹಾಗಾಗಿ ದಿನಾ ಸಂಜೆ ಇವರು ಕನ್ನಡ, ಅವಳು ತನ್ನ ಸ್ಪ್ಯಾನಿಷ್ ಕಲಿಸುವ ಕೊಡು-ಕೊಳ್ಳು ಪಾಠ ಶುರುವಾಯಿತು. ಪುಟ್ಟತಾಯಮ್ಮ ನನ್ನನ್ನು ಸೆರಗಿನಿಂದ ಒರೆಸಿ, ಸ್ಪ್ಯಾನಿಷನ್ನು ಕನ್ನಡ ಅಕ್ಷರದಲ್ಲೇ ಬರೆದರು: "ಮೆ ಗುಸ್ತಾ ಎಲ್ ಮಾಂಗೊ. ನನಗೆ ಮಾವಿನಹಣ್ಣು ಇಷ್ಟ."

"ಅಯ್ಯೋ, ನಿಮ್ದೂ 'ನನಗೆ' ಅಂತ್ಲೇ ಶುರುವಾಗುತ್ತಾ? ಇದು ನಮ್ ಭಾಷೆ ಥರಾನೇ ಅಲ್ವಾ!" ಎಂದರು. ಮಾರಿಸೋಲ್ ಚಪ್ಪಾಳೆ ತಟ್ಟಿದಳು. ಹಣ್ಣು ಒಂದಾದರೆ 'ಗುಸ್ತಾ', ಹಲವಾದರೆ 'ಗುಸ್ತಾನ್'. ಇಷ್ಟವಿಲ್ಲದಿದ್ದರೆ ಮೊದಲಿಗೊಂದು 'ನೊ'. ಅಷ್ಟೇ.

ಮರುದಿನದ ಮನೆಪಾಠ ಐದು ಇಷ್ಟ, ಐದು ಅನಿಷ್ಟ. ಪುಟ್ಟತಾಯಮ್ಮ ಚಕಚಕನೆ ಬರೆದರು. ಮಾರಿಸೋಲ್ ಓದಿ ತಲೆಯಾಡಿಸಿದಳು. "ಅಮ್ಮ, ಇದು ಅಪ್ಪನಿಗೆ ಇಷ್ಟ. ಇದು ನಿಮ್ಮ ಮಗಳಿಗೆ. ನಿಮಗೆ ಏನು?"

ಪೆನ್ನಿನ ತುದಿ ನನ್ನ ಮೇಲೆ ಬಹಳ ಹೊತ್ತು ನಿಂತೇ ಇತ್ತು. ಆಮೇಲೆ ಮೆಲ್ಲಗೆ ಇಳಿಯಿತು: ಬಸ್ಸಿನ ಕಿಟಕಿ ಸೀಟು ಗುಸ್ತಾ. ತಂಗಳನ್ನದ ಚಿತ್ರಾನ್ನ ಗುಸ್ತಾ. ಕೊನೆಗೆ, ಅಕ್ಷರ ಚಿಕ್ಕದು ಮಾಡಿ: ನೊ ಮೆ ಗುಸ್ತಾ ಮಲ್ಲಿಗೆ.

ಪ್ರತಿ ಶುಕ್ರವಾರ ಕೆಂಪರಾಜು ಹೆಂಡತಿಗೆ ಒಂದು ಮಾರು ಮಲ್ಲಿಗೆ ತರುತ್ತಿದ್ದರು. ಆ ಶುಕ್ರವಾರ ಹೂವಿನ ಪೊಟ್ಟಣ ಇಡುವಾಗ ನಾನು ತೆರೆದೇ ಇದ್ದೆ. ಅವರಿಗೆ ಅರ್ಥವಾದದ್ದು 'ಮಲ್ಲಿಗೆ' ಒಂದೇ. ಹಿಗ್ಗಿಹೋದರು.

"ನೋಡವ್ವ ಮಾರಿಸೋಲಾ, ನಮ್ಮೋಳು ನಾ ತರೋ ಹೂವಿನ್ ಬಗ್ಗೆ ಬರ್ದವ್ಳೆ! ಏನಂತ ಹೇಳು."

ಮಾರಿಸೋಲ್ ಬಾಯಿಗೆ ಕೈ ಅಡ್ಡ ಹಿಡಿದಳು. ಪುಟ್ಟತಾಯಮ್ಮನ ಮುಖ ಸಣ್ಣಗಾಯಿತು.

"ನಂಗೆ ಆ ವಾಸ್ನೆಗೆ ತಲೆ ಸಿಡಿಯುತ್ತೆ ಕಣ್ರೀ," ಎಂದುಬಿಟ್ಟರು.

"ಮೂವತ್ನಾಕು ವರ್ಷದಿಂದ್ಲೂವೆ?"

"ನೀವು ಅಷ್ಟು ಪ್ರೀತಿಯಿಂದ ತರ್ತಿದ್ರಲ್ಲ."

ಕೆಂಪರಾಜು ಚಪ್ಪಲಿ ಮೆಟ್ಟಿ ಹೊರಟೇಹೋದರು. ಪುಟ್ಟತಾಯಮ್ಮ ನನ್ನನ್ನು ಮುಚ್ಚಿ, ರಟ್ಟಿನ ಮೇಲೆ ಕೈಯಿಟ್ಟು ಕೂತರು.

ಅರ್ಧ ಗಂಟೆಗೆ ಗೇಟು ಕಿರ್ರೆಂದಿತು. ಕೆಂಪರಾಜು ಕೈಯಲ್ಲಿ ಬಾಳೆಲೆ ಪೊಟ್ಟಣ, ಒಳಗೆ ಕನಕಾಂಬರ. "ಇದ್ಕೆ ವಾಸ್ನೆನೇ ಇಲ್ಲ. ಆಯ್ತದಾ?"

"ಗುಸ್ತಾ!" ಎಂದು ಪುಟ್ಟತಾಯಮ್ಮ ಅಲ್ಲೇ ಮುಡಿದುಕೊಂಡರು. ಕೆಂಪರಾಜು ಗಂಟಲು ಸರಿಮಾಡಿಕೊಂಡು ಪೆನ್ನು ಕೇಳಿದರು. ಹೆಂಡತಿಯ ಸಾಲನ್ನು ನೋಡಿಕೊಂಡು ತಮ್ಮ ದಪ್ಪಕ್ಷರದಲ್ಲಿ ಬರೆದರು: "ನೊ ಮೆ ಗುಸ್ತಾ ನಿನ್ ಹಾಗಲಕಾಯಿ ಗೊಜ್ಜು."

ಓದಿದ ಪುಟ್ಟತಾಯಮ್ಮ ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡರು. ಕಣ್ಣೀರಿನ ಎರಡು ಹನಿ ನನ್ನ ಮೇಲೂ ಬಿದ್ದು ಶಾಯಿ ಹರಡಿತು.

ಮಾರಿಸೋಲ್ ತನ್ನೂರಿಗೆ ಹೋಗಿ ಬಹಳ ದಿನವಾಯಿತು. ನನಗೂ ವಯಸ್ಸಾಗಿದೆ, ಹೊಲಿಗೆ ಸಡಿಲ, ಹಿಂಬದಿಯ ರಟ್ಟು ಇಲ್ಲ. ಅಡುಗೆಮನೆಯ ಕಪಾಟಿನಲ್ಲಿ ಸಾಸಿವೆ ಡಬ್ಬಿಯ ಪಕ್ಕ ನನ್ನ ಜಾಗ. ಕಲಿತ ಸ್ಪ್ಯಾನಿಷ್‌ನಲ್ಲಿ ಮುಕ್ಕಾಲು ಪಾಲು ಗಂಡ ಹೆಂಡತಿ ಇಬ್ಬರಿಗೂ ಮರೆತಿದೆ. ಉಳಿದ 'ಗುಸ್ತಾ', 'ನೊ ಮೆ ಗುಸ್ತಾ' ಎಂಬ ಆ ಎರಡು ಮಾತಿನಲ್ಲೇ ಬೆಳಗಿನ ತಿಂಡಿಗೆ ದಿನಾ ಜಗಳವಾಡುತ್ತಾರೆ, ಹೊಸದಾಗಿ ಮದುವೆಯಾದವರಂತೆ.