ಬಿರಡೆಯಿಲ್ಲದ ಶೀಸೆಗಳು

ಆ ಬೇಸಿಗೆಯಲ್ಲಿ ಕಂಪ್ಲಿಯ ಹೊಳೆ ಬಹಳ ಇಳಿದಿತ್ತು. ಹರಿಗೋಲು ಹಾಕುವ ಜಡೆಪ್ಪ ಮಡುವಿನ ತಳದಿಂದ ಒಂದು ಚೀಲ ಶೀಸೆ ಎತ್ತಿ ತಂದು ಅತ್ತಿಗೆ ಭರಮಮ್ಮನ ಅಂಗಳದಲ್ಲಿ ಸುರಿದ.

"ತೊಳದಿಡು ಅತ್ತಿಗಿ. ಸಂತ್ಯಾಗ ಎಣ್ಣಿ ಮಾರೋರು ಒಯ್ತಾರ."

ಪಾಚಿ ಹಿಡಿದು ಕಲ್ಲಿನಂತಾಗಿದ್ದವು. ಭರಮಮ್ಮ ಒಳಗೆ ಉಸುಕು, ನೀರು ಹಾಕಿ ಕುಲುಕಿದಳು. ಕಪ್ಪು ರಾಡಿಯ ಜೊತೆ ಸಣ್ಣದೊಂದು ಶಂಖದ ಹುಳು ಹೊರಬಿತ್ತು. ಹುಣಸೆಹುಳಿ, ಬೂದಿ ಹಚ್ಚಿ ನಾರಿನಿಂದ ತಿಕ್ಕಿದಂತೆ ಗಾಜಿನ ನೀಲಿ ಬಣ್ಣ ಎದ್ದು ಬಂತು. ಆರು ಮೂಲೆಯ ಶೀಸೆ. ಅವಳ ಕೈ ನಿಂತಿತು.

ಕೆಲವು ವರ್ಷಗಳ ಹಿಂದೆ ಗಂಡ ಮೂಕಣ್ಣ ಕೊನೆಯ ಸಲ ಹೊಳೆ ದಾಟಿದಾಗ ಆಚೆಯ ನಿಜಾಮರ ಸೀಮೆಗೆ ಒಯ್ದದ್ದು ಇಂಥವೇ ಜ್ವರದ ಔಷಧಿಯ ಶೀಸೆಗಳನ್ನು. ಒಡೆಯಬಾರದೆಂದು ಬುಟ್ಟಿಯಲ್ಲಿ ಹುಲ್ಲು ಹಾಸಿ ಜೋಡಿಸಿಕೊಟ್ಟವಳು ಅವಳೇ. ಹೊಳೆ ತುಂಬಿತ್ತು. ಮರುದಿನ ಹರಿಗೋಲು ಬೋರಲಾಗಿ ತೇಲಿ ಬಂತು, ಮೂಕಣ್ಣನ ಹೆಣ ಸಿಗಲೇ ಇಲ್ಲ. ಊರವರು ಹುಡುಕಿ ಹುಡುಕಿ ಸೋತು, ಕೊನೆಗೆ ಅವಳ ಬಳೆ ಒಡೆಸಿದ್ದರು.

"ಎಲ್ಲಿ ಸಿಕ್ಕಾವೋ ಇವು?"

"ಆಚಿ ದಂಡಿ ಬಲ್ಲಿ. ಚೀಲದ ಬಾಯಿ ಬಿಗದು ಕಟ್ಟಿತ್ತು."

"ನಾ ಬುಟ್ಟ್ಯಾಗ ಇಟ್ಟಿದ್ದೆ. ಚೀಲಕ್ಕ ಯಾರು ತುಂಬಿದ್ರು? ನೋಡು, ಒಂದಕ್ಕೂ ಬಿರಡಿ ಇಲ್ಲ. ಔಷಧಿ ಯಾರು ಕುಡದ್ರು?"

ಜಡೆಪ್ಪ ಒಂದು ಶೀಸೆ ಎತ್ತಿ ತಿರುಗಿಸಿ ನೋಡಿದ. ಅಣ್ಣ ಒಯ್ದ ಶೀಸೆಗಳೆಂದು ಅವನಿಗೆ ಹೊಳೆದಿರಲೇ ಇಲ್ಲ. "ತೇಲಿ ಹೋದ ಬುಟ್ಟಿ ಯಾರಾರ ಹಿಡಕಂಡಿರಬೇಕು ಅತ್ತಿಗಿ. ಇಲ್ಲಾಂದ್ರ ಅಣ್ಣನೇ ಈಜಿ ದಂಡಿ ಹತ್ತಿರಬೇಕು."

ಮರುದಿನ ಇಬ್ಬರೂ ಹೊಳೆ ದಾಟಿದರು. ಆಚೆ ದಂಡೆಯಲ್ಲಿ ಮಂಡಕ್ಕಿ ಮಾರುವ ಮುದುಕಿ ಹಂಪಕ್ಕನನ್ನು ಹರಿಗೋಲು ಮಗುಚಿದ ವರ್ಷದ ಬಗ್ಗೆ ಕೇಳಿದರು.

"ಆ ವರ್ಷ ಹೊಳ್ಯಾಗಿಂದ ಎದ್ದು ಬಂದಾವ ಒಬ್ಬ ನಮ್ಮ ಗುಡ್ಯಾಗ ಬಿದ್ದಿದ್ದ. ಆಮ್ಯಾಲೆ ಸೊಂಡೂರಿಗೆ ಅದಿರು ಅಗಿಯಾಕ ಹೊಂಟಿದ್ದ ಮಂದಿ ಜೋಡಿ ಹೋದ. ಶೀಸೆ ಗೀಸೆ ನಾ ನೋಡ್ಲಿಲ್ಲ."

"ನನ್ನ ಗಂಡನ ಕಿವಿ ಹರದಿತ್ತು. ಅವಂದೂ ಹರದಿತ್ತೇನಬೇ?"

"ತಲಿಗೆ ಪಟಗ ಸುತ್ತಿದ್ದ. ಕಿವಿ ಕಾಣ್ಲಿಲ್ಲ."

ಬದುಕಿದ್ದರೆ ಯಾಕೆ ಬರಲಿಲ್ಲ? ಸತ್ತಿದ್ದರೆ ಚೀಲ ಕಟ್ಟಿದವರು ಯಾರು? ಅಳಬೇಕೋ ಬೈಯಬೇಕೋ ತಿಳಿಯದೆ ಭರಮಮ್ಮ ಸೊಂಡೂರಿಗೂ ಹೋಗಿ ಬಂದಳು. ಗಣಿಯ ಗಾಡಿಯವರಲ್ಲಿ ಒಬ್ಬರು ಕಂಡಿದ್ದೇನೆ ಎಂದರು, ಇನ್ನೊಬ್ಬರು ಅಂಥವನು ಇರಲೇ ಇಲ್ಲ ಎಂದರು.

ಮಹಾಲಯ ಅಮಾವಾಸ್ಯೆ ಬಂತು. ಅವಳು ಅತ್ತೆ ಮಾವನಿಗೆ ಎಡೆ ಇಟ್ಟಳು. ಮೂಕಣ್ಣನಿಗೂ ಎಲೆ ಹಾಸಿ ಅನ್ನ ಬಡಿಸಿದಳು, ಕೈ ಮುಗಿಯಲು ಹೋಗಿ ತಡೆದಳು. ಮುಗಿದರೆ ಬದುಕಿದ್ದವನನ್ನು ತಾನೇ ಸಾಯಿಸಿದಂತೆ. ಎಲೆ ಎತ್ತಿದರೆ ಸತ್ತವನನ್ನು ಉಪವಾಸ ಕೆಡವಿದಂತೆ.

"ಜಡೆಪ್ಪ, ನೀ ಬಂದು ಕುಂದ್ರು."

"ನಾನಾ? ಅಣ್ಣನ ಎಲಿಗಾ?"

"ನಂಗೇನೂ ತಿಳಿವಲ್ದಪ್ಪ. ಇದ್ರೂ ಸತ್ರೂ ಅವರ ಪಾಲು ತಮ್ಮ ಉಂಡಂಗಾತು. ಕುಂದ್ರು, ಅನ್ನ ಆರಾಕತ್ತೈತಿ."