ಮೇಷ್ಟ್ರ ಗಂಟಲು

“ಬೋನ್‌ಜೂರ್, ಮಸ್ಯೂ. ಕೊಮಾನ್ ತಾಲೇ ವೂ?” ಎಂದು ಬಾಗಿಲಲ್ಲಿ ನಿಂತ ಹೆಂಗಸು ಕೇಳಿದಾಗ ಫ್ರೆಂಚ್ ಮೇಷ್ಟ್ರ ಕೈಯ ಸೀಮೆಸುಣ್ಣ ಹಲಗೆಯ ಮೇಲೇ ನಿಂತುಬಿಟ್ಟಿತು. ನಮಸ್ಕಾರ, ಹೇಗಿದ್ದೀರಿ ಎಂಬಷ್ಟೇ ಮಾತು. ಅದಕ್ಕೆ ಕೊಡಬೇಕಾದ ಮರ್ಯಾದೆಯ ಉತ್ತರವನ್ನು ಹತ್ತೊಂಬತ್ತು ವರ್ಷಗಳಿಂದ ಇದೇ ಕೋಣೆಯಲ್ಲಿ ಅವರು ಎಲ್ಲರಿಗೂ ಅರೆದು ಕುಡಿಸಿದ್ದರು. ಆದರೆ ಅವರ ಫ್ರೆಂಚೆಲ್ಲ ಪುಸ್ತಕದ್ದು, ಕ್ಯಾಸೆಟ್ಟಿನದ್ದು. ಆ ದೇಶದವರೊಬ್ಬರು ಎದುರು ನಿಂತು ಮಾತಾಡಿಸಿದ್ದು ಇದೇ ಮೊದಲು.

ಕರೆತಂದವಳು ಅವರ ಶಿಷ್ಯೆ, ಆಸ್ಪತ್ರೆಯ ನರ್ಸು. ಅಲ್ಲಿಗೆ ತರಬೇತಿ ಕೊಡಲು ಬಂದಿದ್ದ ಈ ಡಾಕ್ಟರಮ್ಮನ ಮುಂದೆ ನಮ್ಮ ಮೇಷ್ಟ್ರು ಹಾಗೆ, ನಮ್ಮ ಮೇಷ್ಟ್ರು ಹೀಗೆ ಎಂದು ಹೊಗಳಿ ಅಟ್ಟಕ್ಕೇರಿಸಿದ್ದಳು. ಬೆಂಚುಗಳಲ್ಲಿ ಹನ್ನೊಂದು ಜನ ಶಿಷ್ಯರು ಮೇಷ್ಟ್ರ ಬಾಯನ್ನೇ ನೋಡುತ್ತ ಕುಳಿತಿದ್ದರು. ಬಾಯೇನೋ ತೆರೆಯಿತು, ಮಾತು ಬರಲಿಲ್ಲ. ಡಾಕ್ಟರಮ್ಮ ನಗುತ್ತ, ಮಕ್ಕಳಿಗೆ ಹೇಳುವಷ್ಟು ನಿಧಾನವಾಗಿ ಇನ್ನೊಮ್ಮೆ ಕೇಳಿದರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಮೇಷ್ಟ್ರಿಗೆ.

“ಪಾಪ, ಬೆಳಿಗ್ಗೆಯಿಂದ ಮೇಷ್ಟ್ರಿಗೆ ಗಂಟಲು ಕಟ್ಟಿದೆ, ಅಲ್ವಾ?” ಎಂದಳು ನರ್ಸು, ತರಗತಿಯ ಕಡೆ ತಿರುಗಿ.

“ಹೌದೌದು, ಮಾತಾಡೋಕೇ ಆಗ್ತಿಲ್ಲ,” ಎಂದ ಹಿಂದಿನ ಬೆಂಚಿನ ದರ್ಜಿ. ಆ ಗಳಿಗೆಯವರೆಗೂ ಬೀದಿಗೆ ಕೇಳುವಂತೆ ಪಾಠ ಒದರುತ್ತಿದ್ದ ಮೇಷ್ಟ್ರನ್ನು ಅವನೂ ಕೇಳಿಸಿಕೊಂಡಿದ್ದ. ನರ್ಸು ಅದನ್ನೇ ಫ್ರೆಂಚಿನಲ್ಲಿ ಡಾಕ್ಟರಮ್ಮನಿಗೆ ಹೇಳಿದಳು. ಒಂದೂ ತಪ್ಪಿರಲಿಲ್ಲ. ಎಲ್ಲ ಮೇಷ್ಟ್ರೇ ಕಲಿಸಿದ್ದು.

ಮೇಷ್ಟ್ರು ಸುಮ್ಮನಿದ್ದರೂ ನಡೆಯುತ್ತಿತ್ತು. ಕೆಮ್ಮಿದರು. ಗಂಟಲಿಗೆ ಕೈಯಿಟ್ಟುಕೊಂಡು, ಎರಡು ಸಲ. ಆ ಕೆಮ್ಮಿಗೆ ಅವರಿಗೇ ಹೇಸಿಗೆಯಾಯಿತು.

ಡಾಕ್ಟರಮ್ಮ ಜೇಬಿನಿಂದ ಪುಟ್ಟ ಟಾರ್ಚು ತೆಗೆದು, ಅವರ ಗಲ್ಲ ಹಿಡಿದು, ಬಾಯಿ ತೆರೆಸಿದರು. ಬೆಳಕು ಒಳಗೆಲ್ಲ ಓಡಾಡಿತು. ಊತವಿಲ್ಲ, ಕೆಂಪಿಲ್ಲ, ಅದು ಮೇಷ್ಟ್ರಿಗೂ ಗೊತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡರು. ಟಾರ್ಚು ಆರಿದ ಮೇಲೆ ಡಾಕ್ಟರಮ್ಮ ಒಂದು ಕ್ಷಣ ತಡೆದು, ಎರಡು ದಿನ ಇವರನ್ನು ಮಾತಾಡಿಸಬೇಡಿ ಎಂದು ನರ್ಸಿಗೆ ಮೆಲ್ಲಗೆ ಹೇಳಿದರು. ಆ ಫ್ರೆಂಚು ಮೇಷ್ಟ್ರಿಗೆ ಪೂರಾ ಅರ್ಥವಾಯಿತು.

ಆಮೇಲೆ ಡಾಕ್ಟರಮ್ಮ ಬೆಂಚಿನಿಂದ ಬೆಂಚಿಗೆ ಹೋಗಿ ಎಲ್ಲರನ್ನೂ ಹೇಗಿದ್ದೀರಿ ಎಂದು ವಿಚಾರಿಸಿದರು. “ತ್ರೆ ಬಿಯಾಂ, ಮೆರ್ಸಿ. ಎ ವೂ?” ಚೆನ್ನಾಗಿದ್ದೇವೆ, ತಾವು? ದರ್ಜಿ ಕೂಡ ತಡವರಿಸಲಿಲ್ಲ. ಮೇಷ್ಟ್ರು ಕುರ್ಚಿಯಲ್ಲಿ ತಲೆ ತಗ್ಗಿಸಿ ಕುಳಿತು ಕೇಳಿಸಿಕೊಂಡರು.

ತರಗತಿ ಮುಗಿಯಿತು. “ಓರ್ವಾರ್, ಮಸ್ಯೂ,” ಹೋಗಿಬರುತ್ತೇವೆ ಎಂದು ಒಬ್ಬೊಬ್ಬರೇ ಅವರ ಮೇಜಿನ ಮುಂದೆ ತಲೆಬಾಗಿ ಹೊರಟರು. ಉತ್ತರಕ್ಕೆಂದು ಯಾರೂ ನಿಲ್ಲಲಿಲ್ಲ.