ಸಭಾಧ್ಯಕ್ಷರ ಮೂಲಕ

ಸಭೆಗೆ ಮರ್ಯಾದೆಯ ಉಡುಪೆಂದು ಸೊಂಟಕ್ಕೆ ಸುತ್ತಿದ ಚಾಪೆಯ ಅಂಚು ಚುಚ್ಚುತ್ತಿದೆ, ಬೆಳಿಗ್ಗೆ ಅವಸರದಲ್ಲಿ ಬಿಗಿಯಾಗಿ ಕಟ್ಟಿಕೊಂಡದ್ದು, ಈಗ ಸಡಿಲಿಸುವುದಾದರೂ ಹೇಗೆ, ಟೋಂಗಾದ ಇಡೀ ಸಂಸತ್ತು ಮೆಲೆನೈಟೆಯನ್ನೇ ನೋಡುತ್ತಿದೆ, ಬಜೆಟ್ಟಿನ ಮೇಲೆ ವಿರೋಧಪಕ್ಷದ ಮಾತು ಇವತ್ತು ಅವಳದ್ದು — ರಾಜಧಾನಿಯ ಬಂದರಿನ ದಕ್ಕೆ ರಸ್ತೆಗೆ ಇಟ್ಟಿದ್ದರಲ್ಲಿ ಸ್ವಲ್ಪ ಕಡಿದರೆ ಸಾಕು, ಮಂತ್ರಿಗಳ ಆಕ್ಲೆಂಡ್ ಪ್ರವಾಸ ಅರ್ಧ ಮಾಡಿದರೆ ಸಾಕು, ಉತ್ತರದ ದ್ವೀಪದ ಆಸ್ಪತ್ರೆ ದೋಣಿ ನಿಲ್ಲಿಸಬೇಕಾಗಿಲ್ಲ, ಮಾನ್ಯ ಸಭಾಧ್ಯಕ್ಷರೇ, ಅಲ್ಲಿ ಬಸುರಿಯರಿದ್ದಾರೆ — ಬಸುರಿಯರು ಎಂದಳು, ಮಗಳು ಎನ್ನಲಿಲ್ಲ, ಲೂಪೆಗೆ ಬರುವ ತಿಂಗಳು ಹೆರಿಗೆ, ಹಿಂದಿನ ಸಲ ದೋಣಿ ರಿಪೇರಿಗೆ ಹೋಗಿತ್ತು, ಆ ಕೂಸು ಅಳಲೇ ಇಲ್ಲ, ಯಾಕಮ್ಮಾ ಅಳ್ತಿಲ್ಲ, ಯಾಕಮ್ಮಾ, ಲೂಪೆ ಕೇಳುತ್ತಲೇ ಇದ್ದಳು. ಎದುರಿನ ಸಾಲಿನಲ್ಲಿ ತಮ್ಮ, ಹಣಕಾಸು ಮಂತ್ರಿ ಸಾಮಿಸೋನಿ, ತಲೆ ಎತ್ತುತ್ತಿಲ್ಲ, ಎತ್ತಬಾರದು, ಅವನಿಗೆ ಮೀಸೆ ಚಿಗುರಿದಂದಿನಿಂದ ಟೋಂಗಾದ ಎಲ್ಲ ಅಕ್ಕತಮ್ಮಂದಿರಂತೆ ಒಂದೇ ಕೋಣೆಯಲ್ಲಿ ಕೂತವರಲ್ಲ, ಮುಖ ಕೊಟ್ಟು ಮಾತಾಡಿದವರಲ್ಲ, ಅಕ್ಕ ಒಳಗೆ ಬಂದರೆ ತಮ್ಮ ಎದ್ದು ಹೊರಗೆ, ಅದು ಮರ್ಯಾದೆ, ಇಲ್ಲಿ ಮಾತ್ರ ಎಲ್ಲವನ್ನೂ ಸಭಾಧ್ಯಕ್ಷರಿಗೇ ಹೇಳುವ ಪದ್ಧತಿ, ಅದಕ್ಕೇ ಇಬ್ಬರೂ ಕೂರಬಹುದು. ನಿನ್ನೆ ಚರ್ಚಿನ ಅಂಗಳದಲ್ಲಿ ಅವನ ಹೆಂಡತಿ ಕಿವಿಯಲ್ಲಿ ಹೇಳಿದ್ದಳು, ಅತ್ತಿಗೆ, ನೀವು ಸಭಾಧ್ಯಕ್ಷರನ್ನ ಕೇಳಿ ಸಾಕು, ಇವ್ರು ಎದ್ದು ದೋಣಿಗೆ ಒಪ್ಕೋತಾರಂತೆ, ಪಾರ್ಟಿಯವರನ್ನ ನಾನು ನೋಡ್ಕೋತೀನಿ ಅಂದ್ರು. ಕೇಳಿ ಕೂತರೆ ಮುಗಿಯುತ್ತಿತ್ತು.

ಆದರೆ ಆ ಮೀನುಗಾರಿಕೆ ಮಂತ್ರಿ, ಅವನ ಬಾಯಿಗೆ ಬೀಗವೇ ಇಲ್ಲ, ದುಡ್ಡು ಎಲ್ಲಿಂದ ತರ್ತಾರಂತೆ ಈಯಮ್ಮ, ತೆಂಗಿನಮರ ಅಲ್ಲಾಡಿಸಿದ್ರೆ ಉದುರುತ್ತಾ, ಬಜೆಟ್ ಓದೋಕೆ ಬರದವ್ರೆಲ್ಲ ಬಜೆಟ್ ಬರೆಯೋಕೆ ಹೊರಟ್ರು, ನಮ್ಮಜ್ಜಿ ಹನ್ನೊಂದು ಹೆತ್ಲು, ಯಾವ ದೋಣಿ ಹತ್ತಿದ್ಲು — ಎದುರಿನ ಸಾಲಿಗೆ ಸಾಲೇ ನಕ್ಕಿತು, ತಮ್ಮ ನಗಲಿಲ್ಲ, ಅಕ್ಕನೆದುರು ಬಸುರಿನ ತಮಾಷೆ ಕೇಳಿಸಿಕೊಂಡು ಕಿವಿ ಕೆಂಪಾಗಿ ಕೂತಿದ್ದಾನೆ, ಕೂತೇ ಇದ್ದಾನೆ, ಯಾಕೆ ಬಾಯಿ ಬಿಡುತ್ತಿಲ್ಲ, ಒಂದು ಮಾತು ಆಡಬಾರದೇ, ಅವಳು ಅವನ ಕಡೆಗೇ ತಿರುಗಿದಳು, ಸಾಮಿಸೋನಿ, ಕಿವಿ ಕೇಳಿಸಲ್ವೇನೋ ನಿಂಗೆ, ನನ್ ಲೂಪೆ ಸಾಯ್ತಾಳೆ ಕಣೋ.

ನಗು ನಿಂತಿತು, ಸಭಾಧ್ಯಕ್ಷರಿಗಲ್ಲ, ಅವನಿಗೇ ಹೇಳಿದಳು, ಎಲ್ಲರೆದುರು, ಹೆಸರು ಹಿಡಿದು, ಅಯ್ಯೋ ದೇವರೇ ಏನು ಮಾಡಿದೆ — ತಮ್ಮ ಎದ್ದ, ಒಪ್ಪಲು ಎದ್ದನೇ, ಎದ್ದನಲ್ಲ, ಇಲ್ಲ, ತಲೆ ತಗ್ಗಿಸಿ ಬೆನ್ನು ಬಾಗಿಸಿ ಮನೆಯಲ್ಲಿ ಹೋಗುತ್ತಿದ್ದ ಹಾಗೆಯೇ ಬಾಗಿಲ ಕಡೆಗೆ, ಇರೋ ಎನ್ನಲೇ, ಎಂದರೆ ಇನ್ನೂ ಬೇಗ ಹೋಗುತ್ತಾನೆ, ಹೋದ, ಮಂತ್ರಿಗಳ ಉತ್ತರ ಇದೆಯಾ, ಸಭಾಧ್ಯಕ್ಷರು ಕೇಳುತ್ತಿದ್ದಾರೆ, ಅವರು ಒಪ್ಪದಿದ್ರೆ ನಾನೇನೂ ಮಾಡೋಕಾಗಲ್ಲ ತಾಯಿ, ದೋಣಿ ಬೇಡ ಅನ್ನೋರು ಕೈ ಎತ್ತಿ, ಕೈಗಳು ಏಳುತ್ತಿವೆ, ಎಷ್ಟೊಂದು ಕೈಗಳು, ಅವುಗಳ ನಡುವೆ ಆ ಖಾಲಿ ಕುರ್ಚಿ, ಅವನು ಎದ್ದ ರಭಸಕ್ಕೆ ಇನ್ನೂ ತಿರುಗುತ್ತಿದೆ, ಲೂಪೆಗೆ ಏನು ಹೇಳಲಿ, ಆ ಕುರ್ಚಿ, ಯಾರಾದರೂ ಅವನನ್ನು ಕರೆಯಿರಿ, ಖಾಲಿ ಕುರ್ಚಿ, ಮೆಲ್ಲಗೆ, ಇನ್ನೂ ಮೆಲ್ಲಗೆ, ಬೆನ್ನು ಅವಳ ಕಡೆ ಮಾಡಿ ನಿಂತ ಆ ಕುರ್ಚಿ